ಕೊನೆಯ ಚೀಲ ಮೊದಲು

ಕಾರಟಗಿಯಲ್ಲಿ ರಾತ್ರಿ ಹನ್ನೊಂದೂವರೆ.
ಮಿಲ್ಲಿನ ತೌಡು ನನ್ನ ರೆಪ್ಪೆಯ ಮೇಲೆ, ಕೀಬೋರ್ಡಿನ ಸಂದಿಯಲ್ಲಿ,
ಆರಿದ ಚಹಾದ ಕೆನೆಯಲ್ಲಿ.
ಬಣ್ಣ ನೋಡಿ ಕಾಳು ಆರಿಸುವ ಯಂತ್ರ
ಹೊಟ್ಟೆ ಬಿಚ್ಚಿಕೊಂಡು ಕೂತಿದೆ.
ಹಳೆಯ ಬೋರ್ಡು ಹೋದ ವಾರ ಸುಟ್ಟಿತು,
ಹೊಸದರ ಚಿಪ್ ಬೇರೆ ಜಾತಿಯದು.
ಅಕ್ಕಿ ಅದೇ ಸೋನಾಮಸೂರಿ, ಒಲೆ ಮಾತ್ರ ಬೇರೆ.

ಕಾಳು ಜಾರುತ್ತವೆ, ಕ್ಯಾಮೆರಾ ಒಂದು ಗೆರೆ ನೋಡುತ್ತದೆ,
ಆ ಗೆರೆಯನ್ನು ನಾನು ದಾಟಿಸಬೇಕು.
ಇಲ್ಲಿದ್ದದ್ದನ್ನು ಅಲ್ಲಿ ಇಡುವುದು,
ಇಷ್ಟಕ್ಕೇ ನನಗೆ ಸಂಬಳ.
ಗಾಳಿಯ ನಳಿಕೆ ಊದುವುದರೊಳಗೆ ತಲುಪದಿದ್ದರೆ
ಕರಿಕಾಳು ಪಾರಾಗಿ
ಹಿಂದೆ ಬಂದ ಬಿಳಿಯದಕ್ಕೆ ಏಟು.

ಮೊದಲು ಒಂದೊಂದೇ ಬೈಟು ಎತ್ತಿದೆ,
ಸಕ್ಕರೆ ಡಬ್ಬಿಗೆ ಇರುವೆ ಸಾಲು.
ಆಮೇಲೆ ನಾಲ್ಕು.
ಆಮೇಲೆ ಹದಿನಾರು ಒಮ್ಮೆಗೇ, ಅಗಲ ರಿಜಿಸ್ಟರಿನ ತೆಕ್ಕೆಯಲ್ಲಿ.
ಹಳೆಯ ಚಿಪ್ ಎಲ್ಲಿ ಕೈಹಾಕೆಂದರೂ ಹಾಕುತ್ತಿತ್ತು,
ಇದು ಮಡಿವಂತ:
ವಿಳಾಸ ಹದಿನಾರರ ಗೆರೆಗೆ ಕೂಡದಿದ್ದರೆ
ನಿಂತಲ್ಲೇ ನಿಂತುಬಿಡುತ್ತದೆ, ಕರೆದರೆ ಓಗೊಡುವುದಿಲ್ಲ.
ಹಾಗಾಗಿ ತಲೆಯ ಕಡೆ ಮೂರು ಬೈಟು ಚಿಲ್ಲರೆ,
ನಡುವೆ ಹದಿನಾರರ ಕಟ್ಟುಗಳು,
ಬಾಲದಲ್ಲಿ ಮತ್ತೆ ಚಿಲ್ಲರೆ.
ಐದಾರು ಬೈಟಿಗಾದರೆ ಈ ಆರ್ಭಟ ಬೇಡ,
ಎರಡು ಬದನೆಕಾಯಿ ತರಲು ಯಾರೂ ಲಾರಿ ಹೊಡೆಸುವುದಿಲ್ಲ.

ಪಕ್ಕದ ಟೇಬಲ್ಲಿನಲ್ಲಿ ಗುಮಾಸ್ತ ಖಾಸಿಂಸಾಬರ ಎಣಿಕೆ.
ಬಾಯಲ್ಲಿ ಪೈಂತೀಸ್: ಐದು ಮುಂದೆ, ಮೂವತ್ತು ಹಿಂದೆ.
ಕೈಯಲ್ಲಿ ೩೫: ಮೂರು ಮುಂದೆ, ಐದು ಹಿಂದೆ.
ನಲವತ್ತು ವರ್ಷದಲ್ಲಿ ಒಂದು ಚೀಲ ತಪ್ಪಿಲ್ಲ.
ನನ್ನ ಎರಡು ಚಿಪ್ಪುಗಳು
ಯಾವ ಬೈಟು ಮುಂದೆ ಅನ್ನುವುದಕ್ಕೇ ಜಗಳ ತೆಗೆದು
ಸೋಮವಾರದಿಂದ ಬುಧವಾರದವರೆಗೆ ನುಂಗಿದವು.

ಎಲ್ಲ ಸರಿಹೋಗಿ ಒಂದು ಉಳಿಯಿತು.
ಗೆರೆಯನ್ನು ಅದರದೇ ಜಾಗದಲ್ಲಿ ನಾಲ್ಕು ಹೆಜ್ಜೆ ಮುಂದೆ ಸರಿಸಿದರೆ
ಪರದೆಯ ತುಂಬ ಮೊದಲ ನಾಲ್ಕು ಚುಕ್ಕೆ,
ಮತ್ತೆ ಅವೇ ನಾಲ್ಕು, ಮತ್ತೆ ಅವೇ,
ಮರೆತ ಪದ್ಯದ ನೆನಪಿದ್ದ ಸಾಲನ್ನೇ
ಮೇಷ್ಟ್ರ ಮುಂದೆ ಹೇಳುತ್ತ ನಿಂತ ಹುಡುಗನ ಹಾಗೆ.

ಹೊರಗೆ ಬಂದೆ.
ಗೋಡೆಗೆ ತೇವ ಏರಿದೆಯೆಂದು ಹಮಾಲರು
ಚೀಲದ ಸಾಲೊಂದನ್ನು ಬಾಗಿಲ ಕಡೆ ಎರಡು ಚೀಲದಷ್ಟು ಸರಿಸುತ್ತಿದ್ದರು.
ತೇವ ಈ ತುದಿಗೆ, ಯಮನೂರಪ್ಪ ಹಿಡಿದದ್ದು ಆ ತುದಿಯ ಚೀಲ.
ಯಾಕೆಂದೆ.
“ಇದನ್ನ ಮೊದಲ ಎತ್ತಿದ್ರ ಇಡೂದೆಲ್ಲವ್ವಾ?
ಅಲ್ಲಿ ಇನ್ನೊಂದು ಚೀಲ ಐತಲ್ಲ.
ಆ ಕಡೀದು ಸರಸ್ಕೊಂತ ಬಂದ್ರ ಜಾಗ ತಾನ ಆಕೈತಿ.”

ಪುಸ್ತಕದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದು
ಅಂಕವನ್ನೂ ಪಡೆದಿದ್ದೆ.
ವೇಗದ ದಾರಿ ಬರೆಯುವಾಗ ಮಾತ್ರ
ಕೈಗೆ ನೆನಪಿರಲಿಲ್ಲ.

ಒಳಗೆ ಬಂದು ತಿದ್ದಿದೆ, ಬಾಲದಿಂದ ತಲೆಗೆ.
ಟಿಪ್ಪಣಿಯ ಸಾಲಿನಲ್ಲಿ ಬರೆದೆ:
ಮುಂದಕ್ಕೆ ಸರಿಸುವಾಗ ಕೊನೆಯ ಚೀಲ ಮೊದಲು. ಯಮನೂರಪ್ಪ.
ಮುಂದೆ ಯಾರಾದರೂ ಓದಿ ತಲೆ ಕೆರೆದುಕೊಳ್ಳಲಿ.
ಉಳಿದದ್ದು ಗೆರೆಗೆ ಹನ್ನೊಂದು ಮೈಕ್ರೋಸೆಕೆಂಡು.
ಅವನಿಗೆ ಹೇಳಿದೆ, ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಸಾವಿರ ಪಟ್ಟು ಕಡಿಮೆ ಎಂದು.
“ಹಂಗಾರ ಅಷ್ಟೊತ್ತು ಕುಂದ್ರತೀನಿ” ಎಂದು
ಚೀಲದ ಮೇಲೆ ಕೂತೇ ಬಿಟ್ಟ.

ಯಂತ್ರ ಶುರುವಾಯಿತು. ಕರಿಕಾಳು ಸಿಡಿದು ಬೇರೆ ಬುಟ್ಟಿಗೆ,
ಟಪ್ ಟಪ್, ಒಗ್ಗರಣೆಯ ಸಾಸಿವೆ.
ಇದು ಬರುವ ಮುಂಚೆ ಇಲ್ಲಿ ಮೂವತ್ತು ಹೆಂಗಸರು
ಮೊರ ಹಿಡಿದು ಕೂತಿದ್ದರಂತೆ.
ಉಳಿದವಳು ಹುಲಿಗೆಮ್ಮ, ಕಸ ಹೊಡೆಯಲಿಕ್ಕೆ.
ಆರಿಸಿ ಬಿದ್ದ ಅಕ್ಕಿಯಿಂದ ಒಂದು ಹಿಡಿ ತೆಗೆದಳು,
ಅಂಗೈ ಬಿಚ್ಚಿ ಹೆಬ್ಬೆರಳಾಡಿಸಿದಳು.
ಅವಳ ಬೆರಳಿಗೆ ಗಡಿಯಾರ ಹಚ್ಚಿ ನೋಡುವ ಧೈರ್ಯ
ನನಗಾಗಲಿಲ್ಲ.
ಎರಡು ಕರಿಕಾಳು ನನ್ನ ಕೀಬೋರ್ಡಿನ ಮೇಲಿಟ್ಟು
ಕಸಬರಿಗೆ ಎತ್ತಿಕೊಂಡು ನಡೆದಳು.